ಪರದೆಯ ಪಕ್ಕದ ದನಿ

ನಮ್ಮ ಅತ್ತಿಗೆಯ ದನಿ ಹೇಗಿದೆ ಎಂದು ಬೀದಿಯವರನ್ನು ಕೇಳಿದ್ದರೆ ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಅವಳು ಈ ಮನೆಗೆ ಸೊಸೆಯಾಗಿ ಬಂದು ತಲೆಕೂದಲು ಅರ್ಧ ಬೆಳ್ಳಗಾಗಿದ್ದರೂ, ಹಾಲು ಹಾಕುವವನು ಅವಳನ್ನು ಕಂಡರೆ ಕೈಸನ್ನೆಯಲ್ಲೇ 'ಎಷ್ಟು?' ಎಂದು ಕೇಳುತ್ತಿದ್ದ. ಪಾಪ, ಮಾತು ಬಾರದವಳು ಎಂದುಕೊಂಡಿದ್ದನೋ ಏನೋ. ಅವನ ತಪ್ಪೂ ಅಲ್ಲ. ಮನೆಯಲ್ಲಿ ಉಳಿದ ಮೂವರು ಸೇರಿ ಎಬ್ಬಿಸುವ ಗದ್ದಲದಲ್ಲಿ ನಾಲ್ಕನೆಯ ಬಾಯಿಗೆ ಜಾಗವೇ ಇರಲಿಲ್ಲ.

ಆ ಮೂವರಲ್ಲಿ ಮೊದಲನೆಯವಳು ನಮ್ಮಮ್ಮ. ಅವಳಿಗೆ ಕಿವಿ ಮಂದ. ತನಗೆ ಕೇಳಿಸದ ಮೇಲೆ ಲೋಕಕ್ಕೂ ಕೇಳಿಸುವುದಿಲ್ಲ ಎಂಬ ನಂಬಿಕೆಯಿಂದ ಕೂಗಿಯೇ ಮಾತಾಡುತ್ತಾಳೆ. ಎರಡನೆಯವನು ಅಣ್ಣ, ಊರಿಗೆಲ್ಲ 'ಮಹಾರಾಜ'. ನಾಟಕ ಮಂಡಳಿಯಲ್ಲಿ ರಾಜನ ಪಾತ್ರ ಬಿಟ್ಟು ಬೇರೆ ಪಾತ್ರ ಮುಟ್ಟಿದವನಲ್ಲ. ಮೈಕಟ್ಟು, ಮೀಸೆ, ಗಂಟಲು ಮೂರನ್ನೂ ಅವನಿಗೆ ಧಾರಾಳವಾಗಿ ಕೊಟ್ಟ ದೇವರು, ನೆನಪಿನ ಶಕ್ತಿ ಕೊಡುವ ಹೊತ್ತಿಗೆ ಕೈ ಬಿಗಿಹಿಡಿದುಬಿಟ್ಟ. ಮೂರನೆಯವಳು ನಾನು, ಅದೇ ಮಂಡಳಿಗೆ ಬಟ್ಟೆ ಹೊಲಿಯುತ್ತಿದ್ದವಳು. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ಅಣ್ಣ ಹೇಳುತ್ತಾನೆ. ಅವನಿಗೆ ನೆನಪಿರುವ ಕೆಲವೇ ಮಾತುಗಳಲ್ಲಿ ಅದೂ ಒಂದು.

ಅತ್ತಿಗೆ ಆ ಮಂಡಳಿಯ ಪ್ರಾಂಪ್ಟರ್ ಆಗಿದ್ದಳು. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತ ನಟರಿಗೆ ಮುಂದಿನ ಮಾತನ್ನು ಮೆಲ್ಲಗೆ ಎತ್ತಿಕೊಡುವ ಕೆಲಸ. ಅದೇನು ಮಹಾ ಎನ್ನಬೇಡಿ. ಆ ಪಿಸುಮಾತು ರಂಗದ ಆಚೆ ತುದಿಯ ನಟನಿಗೆ ಮುಟ್ಟಬೇಕು, ಮುಂದಿನ ಸಾಲಿನಲ್ಲಿ ಕೂತು ಕಡಲೆಕಾಯಿ ತಿನ್ನುವವನಿಗೆ ಕೇಳಬಾರದು. ನಟನಿಗೂ ಅದು ಹೊರಗಿನಿಂದ ಬಂತೆಂದು ಅನಿಸಬಾರದು, ತನ್ನ ತಲೆಯೊಳಗೇ ಹೊಳೆಯಿತು ಎನಿಸಬೇಕು. ಅಣ್ಣನಿಗೆ ಹಾಗೇ ಅನಿಸುತ್ತಿತ್ತು. ನಾಟಕ ಮುಗಿದ ಮೇಲೆ ಮೀಸೆ ತೀಡಿಕೊಂಡು, "ಇವತ್ತು ಒಂದು ಮಾತೂ ತಪ್ಪಲಿಲ್ಲ ನೋಡು" ಎಂದು ಅವಳಿಗೇ ಹೇಳುತ್ತಿದ್ದ. ಅಪ್ಪಿತಪ್ಪಿ ತಪ್ಪಿದರೆ ಮಾತ್ರ ಪ್ರಾಂಪ್ಟರ್ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಅವಳು ಮಂಡಳಿಗೆ ಬಂದದ್ದು ನಟಿಯಾಗಲು. ಮೊದಲ ಪಾತ್ರ ಒಬ್ಬ ದಾಸಿಯದು, ಇದ್ದದ್ದು ಒಂದೇ ಮಾತು: "ದೊರೆಯೇ, ಕುದುರೆ ಸಿದ್ಧವಾಗಿದೆ." ಆ ಮಾತು ಕೇಳಿ ದೊರೆ ಸಿಂಹಾಸನದಿಂದ ಎದ್ದು, "ಹೋಗಿ ಬರುತ್ತೇನೆ, ರಾಣಿ" ಎಂದು ಯುದ್ಧಕ್ಕೆ ಹೊರಡಬೇಕು. ಅತ್ತಿಗೆ ಒಳಗೆ ಬಂದಳು, ಕೈ ಮುಗಿದಳು, ತುಟಿ ಅಲ್ಲಾಡಿಸಿದಳು. ದನಿ ಹೊರಡಲಿಲ್ಲ. ಜನರನ್ನು ಕಂಡು ಗಂಟಲು ಬಂದಾಗಿಬಿಟ್ಟಿತ್ತು. ಅವಳಿಗಾಗಿ ಕಾದು ಕೂತ ದೊರೆ, ಅಂದರೆ ನಮ್ಮಣ್ಣ, ಅಷ್ಟರಲ್ಲಿ ತನ್ನ ಮಾತನ್ನು ಮರೆತು ಕಣ್ಣು ಕಣ್ಣು ಬಿಟ್ಟ. ಅದನ್ನು ನೋಡಿದ್ದೇ ತಡ, ಅತ್ತಿಗೆ ತನ್ನ ಮಾತು ಬಾರದ ಅದೇ ಬಾಯಿಂದ ಅವನ ಮಾತನ್ನು ಸಲೀಸಾಗಿ ಪಿಸುಗುಟ್ಟಿದಳು. ಅಣ್ಣ ಕೂತಲ್ಲಿಂದಲೇ "ಹೋಗಿ ಬರುತ್ತೇನೆ, ರಾಣಿ" ಎಂದು ಗುಡುಗಿದ. ಯುದ್ಧಕ್ಕೆ ಹೊರಟ ರಾಜ ಸಿಂಹಾಸನದಲ್ಲೇ ಗಟ್ಟಿಯಾಗಿ ಕೂತಿರುವಾಗ ಪರದೆ ಬಿತ್ತು.

ಮಾರನೆಯ ದಿನ ಮಂಡಳಿಯ ಯಜಮಾನರು ಅವಳನ್ನು ಪರದೆಯ ಪಕ್ಕಕ್ಕೆ ನಿಲ್ಲಿಸಿದರು. ಕೆಲವು ದಿನಗಳಲ್ಲೇ ಅಣ್ಣ ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಲು ಹೋಗಿ ಅರ್ಧಕ್ಕೇ ನಿಂತನಂತೆ. ಉಳಿದರ್ಧವನ್ನು ಅವಳೇ ಎತ್ತಿಕೊಟ್ಟಳು. ನಾನೂ ಅತ್ತಿಗೆಯೂ ಓರಗೆಯವರು, ನೀನು ಎಂದೇ ಮಾತಾಡುವವರು, ಅದಕ್ಕೇ ನನಗೊಬ್ಬಳಿಗೆ ಒಮ್ಮೆ ಹೇಳಿದ್ದಳು: "ಆ ಕುದುರೆ ಮಾತು ಇವತ್ತಿಗೂ ಗಂಟಲಲ್ಲೇ ಸಿಕ್ಕೊಂಡಿದೆ ಕಣೇ. ಜನರ ಮುಂದೆ ನನ್ನ ಬಾಯಲ್ಲಿ ಒಂದೇ ಒಂದು ಮಾತು ಹೇಳ್ಬಿಟ್ರೆ ಸಾಕಾಗಿತ್ತು." ಅವತ್ತು ನಾನು ನಕ್ಕುಬಿಟ್ಟಿದ್ದೆ.

ಮಂಡಳಿ ಮುಚ್ಚಿತು. ನಾಟಕದ ಹಾಲ್ ಮಾರಾಟವಾಗಿ ಅಲ್ಲಿ ಟಯರ್ ಅಂಗಡಿ ಬಂತು. ಅಣ್ಣ ಬೆಳಗಾದರೆ ಟಯರ್ ಅಂಗಡಿಯ ಎದುರು ನಿಂತು ನಿಟ್ಟುಸಿರು ಬಿಡುವುದನ್ನೇ ಉದ್ಯೋಗ ಮಾಡಿಕೊಂಡ. ನಾನು ರಾಜರ ಅಂಗಿ ಬಿಟ್ಟು ಶಾಲೆಯ ಮಕ್ಕಳ ಅಂಗಿ ಹೊಲಿಯತೊಡಗಿದೆ. ಅತ್ತಿಗೆ ಏನು ಮಾಡಬೇಕೆಂದು ಯಾರೂ ಯೋಚಿಸಲಿಲ್ಲ. ನಾವೇನಾದರೂ ಮರೆತಾಗ ಮಾತ್ರ ಅವಳು ನಮಗೆ ನೆನಪಾಗುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಅವಳು ಏನೋ ಹೇಳಿದಳು. ಅಣ್ಣ ಟಯರ್ ಅಂಗಡಿಯವನನ್ನು ಬೈಯುತ್ತಿದ್ದ, ಅಮ್ಮ ಅನ್ನ ಗಟ್ಟಿಯಾಯಿತೆಂದು ಕೂಗುತ್ತಿದ್ದಳು. ಅವಳು ಮತ್ತೊಮ್ಮೆ ಹೇಳಿದಳು. ಯಾರೂ ಕೇಳಲಿಲ್ಲ. ಕೊನೆಗೆ ಸಾರಿನ ಪಾತ್ರೆಗೆ ಸೌಟಿನಿಂದ ಟಣ್ ಎಂದು ಬಾರಿಸಿದಳು. ಮೂವರೂ ಬೆಚ್ಚಿಬಿದ್ದೆವು.

"ಬಸ್ ಸ್ಟ್ಯಾಂಡಲ್ಲಿ ಮೈಕಲ್ಲಿ ಹೇಳೋರು ಬೇಕಂತೆ. ಅರ್ಜಿ ಹಾಕಿದ್ದೆ. ಸಂದರ್ಶನಕ್ಕೆ ಕರೆದಿದ್ದಾರೆ," ಎಂದಳು.

"ಮೈಕಲ್ಲಿ? ನೀನು?" ಎಂದು ಅಣ್ಣ ತುತ್ತನ್ನು ಅರ್ಧಕ್ಕೆ ನಿಲ್ಲಿಸಿದ. "ಅಲ್ಲ ಕಣೇ, ಅದಕ್ಕೆ… ಅದೇ ಇದು ಬೇಕಲ್ಲ… ಏನದು…"

"ಧೈರ್ಯ," ಎಂದು ಅತ್ತಿಗೆ ಎತ್ತಿಕೊಟ್ಟಳು.

"ಹಾಂ, ಧೈರ್ಯ! ಅದು ನಿನಗೆಲ್ಲಿದೆ?"

ನನಗೂ ನಗು ಬಂತು. ಆದರೆ ಅವಳ ಮುಖ ನೋಡಿ ನಗುವನ್ನು ಅನ್ನದ ಜೊತೆ ನುಂಗಿದೆ. ಅವಳು ಎರಡೂ ಕೈಯಲ್ಲಿ ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೇಡ ಅಂದರೆ ಬಿಡುವ ಹಾಗೆ ಕಾಣಲಿಲ್ಲ.

ಮರುದಿನದಿಂದ ತರಬೇತಿ ಶುರುವಾಯಿತು. ಗುರು ಯಾರು ಎಂದು ಬೇರೆ ಹೇಳಬೇಕೆ? ಜೀವಮಾನವಿಡೀ ಹೆಂಡತಿಯ ಬಾಯಿಂದ ಮಾತು ಎರವಲು ತಂದ ಮಹಾರಾಜನೇ ಈಗ ಅವಳಿಗೆ ಮಾತು ಕಲಿಸಲು ಟೊಂಕ ಕಟ್ಟಿ ನಿಂತ. ಅವನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು, ಜೋರಾಗಿ ಹೇಳು. ಅತ್ತಿಗೆಯನ್ನು ತಾರಸಿಯ ಮೇಲೆ ನಿಲ್ಲಿಸಿ, ತಾನು ಬೀದಿ ಕೊನೆಯ ನಲ್ಲಿಯ ಹತ್ತಿರ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಕೇಳ್ತಿಲ್ಲ! ಇನ್ನೂ ಜೋರು!" ಎಂದು ಕೂಗುತ್ತಿದ್ದ. ಅವಳು ಬಂದರಿನ ಬಸ್ಸು, ಗಣಿಯ ಬಸ್ಸು, ಬೆಟ್ಟದ ಆಸ್ಪತ್ರೆಯ ಬಸ್ಸು ಎಂದು ಒಂದೊಂದನ್ನೇ ಕೂಗಬೇಕು. ನೀರಿಗೆ ಬಂದ ಹೆಂಗಸರು ಕೊಡ ತುಂಬಿ ಹರಿದರೂ ತಾರಸಿಯತ್ತಲೇ ನೋಡುತ್ತಿದ್ದರು. ಹಾಲು ಹಾಕುವವನಂತೂ, "ಅಮ್ಮಾವ್ರಿಗೆ ಮಾತು ಬಂತು!" ಎಂದು ಬೀದಿಗೆಲ್ಲ ಸುದ್ದಿ ಹಂಚಿದ.

ದಿನದ ಕೊನೆಗೆ ಪರೀಕ್ಷೆ. ಅಮ್ಮ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಬೆನ್ನು ತಿರುಗಿಸಿ ಕೂರುವುದು, ಅತ್ತಿಗೆ ನಡುಮನೆಯಿಂದ ಕೂಗುವುದು, ಕೇಳಿಸಿದರೆ ಅಮ್ಮ ಕೈ ಎತ್ತುವುದು. ಅಮ್ಮ ಒಂದು ದಿನವೂ ಕೈ ಎತ್ತಲಿಲ್ಲ. ಒಮ್ಮೆ ಮಾತ್ರ ಎತ್ತಿದಳು, ನಾವು ಕುಣಿದಾಡಿಬಿಟ್ಟೆವು. ನೋಡಿದರೆ ಸೊಳ್ಳೆ ಹೊಡೆದದ್ದು.

ಸಂದರ್ಶನದ ಅಧಿಕಾರಿ ನಾನು. ಹೊಲಿಗೆ ಯಂತ್ರದ ಹಿಂದೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪ್ರಶ್ನೆ ಕೇಳುತ್ತಿದ್ದೆ. ಇಲ್ಲಿ ಇನ್ನೊಂದು ಫಜೀತಿ. "ನಿಮ್ಮ ಹಿಂದಿನ ಕೆಲಸದಲ್ಲಿ…" ಎಂದು ನಾನು ದಾರ ಕತ್ತರಿಸಲು ಒಂದು ಗಳಿಗೆ ನಿಂತರೆ ಸಾಕು, "ಏನೇನು ಮಾಡುತ್ತಿದ್ದಿರಿ," ಎಂದು ಅವಳೇ ಮುಗಿಸುತ್ತಿದ್ದಳು. ಪ್ರಶ್ನೆಯನ್ನು ಪೂರ್ತಿ ಎತ್ತಿಕೊಟ್ಟು, ಉತ್ತರದ ಸರದಿ ಬಂದಾಗ ಸುಮ್ಮನೆ ಕೂರುತ್ತಿದ್ದಳು.

"ಅತ್ತಿಗೆ, ಪ್ರಶ್ನೆ ನಂದು ಕಣೇ. ನೀನು ಉತ್ತರ ಹೇಳು!"

"ಗೊತ್ತು ಕಣೇ. ಆದ್ರೆ ಎದುರಿಗಿರೋರು ತಡವರಿಸಿದ್ರೆ ನನ್ನ ಬಾಯಿ ಕೇಳಲ್ಲ."

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಈ ಕೆಲಸ ನಿಮಗೆ ಯಾಕೆ ಬೇಕು ಎಂಬುದು. ಅದಕ್ಕೆ ಅಣ್ಣ ತಾನೇ ಉತ್ತರ ತಯಾರು ಮಾಡಿದ್ದ: "ಜನಸೇವೆಯೇ ನನ್ನ ಉಸಿರು! ನಿಲ್ದಾಣವೇ ನನ್ನ ಅರಮನೆ!" ಉಸಿರು ಎನ್ನುವಾಗ ಎದೆಯ ಮೇಲೆ ಕೈ, ಅರಮನೆ ಎನ್ನುವಾಗ ಆಕಾಶದತ್ತ ಕೈ. ಅತ್ತಿಗೆ ಅದನ್ನು ಬಾಯಿಪಾಠ ಮಾಡಿದಳು. ಅದನ್ನು ಬರೆದ ಅಣ್ಣನೇ ಸಂಜೆಯೊಳಗೆ ಮರೆತ.

ಅತಿಯಾದರೆ ಅಮೃತವೂ ವಿಷ ಎನ್ನುವುದು ನಮಗೆ ತಿಳಿದದ್ದು ಸಂದರ್ಶನದ ದಿನ ಬೆಳಿಗ್ಗೆ. ಅತ್ತಿಗೆ ಎದ್ದು ಏನೋ ಹೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿತ್ತು. ಉಪ್ಪುನೀರು, ಜೇನು, ಬಿಸಿನೀರಿನ ಹಬೆ ಯಾವುದಕ್ಕೂ ಜಗ್ಗಲಿಲ್ಲ. ಉಳಿದದ್ದು ಪರದೆಯ ಪಕ್ಕದ ಆ ಹಳೆಯ ಪಿಸುಮಾತು ಒಂದೇ.

"ಮಾಡಿದ್ದುಣ್ಣೋ ಮಹಾರಾಯ," ಎಂದು ನಾನು ಅಣ್ಣನ ಮುಖಕ್ಕೇ ಹೇಳಿದೆ. "ಸಿಂಹ ಮಾಡ್ತೀನಿ ಅಂತ ಹೋಗಿ ಇದ್ದ ಗುಬ್ಬಚ್ಚಿನೂ ಹಾಳು ಮಾಡಿದೆ."

ಅಣ್ಣನ ಮೀಸೆ ಜೋತುಬಿದ್ದಿತ್ತು. ನನಗೆ ಅತ್ತಿಗೆಯನ್ನು ನೋಡಲಾಗಲಿಲ್ಲ. ಅವಳು ಮಾತ್ರ ಇಸ್ತ್ರಿ ಮಾಡಿಟ್ಟ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, "ಕರೆದಿದ್ದಾರೆ, ಹೋಗಬೇಕು," ಎಂದು ಪಿಸುಗುಟ್ಟಿ ಬಾಗಿಲು ದಾಟಿದಳು. ನಾವಿಬ್ಬರೂ ಹಿಂದಿನಿಂದ ಓಡಿದೆವು.

ಬಸ್ ನಿಲ್ದಾಣದ ಮಹಡಿಯ ಮೇಲೆ ಕಚೇರಿ. ಬಾಗಿಲಿನ ಚಿಲಕ ಕೆಟ್ಟಿದ್ದರಿಂದ ಅದು ಒಂದು ಗೇಣು ತೆರೆದೇ ಇತ್ತು. ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಒಳಗಿನದೆಲ್ಲ ಕಾಣುತ್ತಿತ್ತು. ಮೇಜಿನ ಹಿಂದೆ ಇಬ್ಬರು: ನಿಲ್ದಾಣದ ಮೇಲ್ವಿಚಾರಕರು, ಅವರ ಪಕ್ಕದಲ್ಲಿ ಮುಖ್ಯ ಕಚೇರಿಯಿಂದ ಬಂದ ಒಬ್ಬ ಅಧಿಕಾರಿಣಿ. ಮೇಜಿನ ಮೇಲೆ ಮೈಕು. ಅದರ ತಂತಿ ಕಿಟಕಿಯಿಂದಿಳಿದು ಕೆಳಗಿನ ಲೌಡ್‌ಸ್ಪೀಕರಿಗೆ ಹೋಗಿತ್ತು.

ಅತ್ತಿಗೆಗಿಂತ ಮೊದಲು ಒಳಗೆ ಹೋದವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಅವನ ಕತ್ತು ನೋಡಿಯೇ ಅಣ್ಣ, "ಮುಗೀತು ಕಣೇ, ಅವನದು ಅರಮನೆ ಅದುರಿಸೋ ಗಂಟಲು," ಎಂದ. ಒಂದು ಕಪ್ಪು ಕೊಡೆ ಸಿಕ್ಕಿದೆ, ಕಳೆದುಕೊಂಡವರು ಮಹಡಿಯ ಕಚೇರಿಗೆ ಬರಬೇಕು ಎಂದು ಅವನಿಗೆ ಮೈಕಿನಲ್ಲಿ ಹೇಳಲು ಕೊಟ್ಟರು. ಅವನು ಮೈಕನ್ನು ನುಂಗುವವನಂತೆ ಹಿಡಿದು ಗರ್ಜಿಸಿದ. ಕೆಳಗೆ ಲೌಡ್‌ಸ್ಪೀಕರ್ ಕಿರ್ರೆಂದು ಅರಚಿತು. ಜನ ಕಿವಿ ಮುಚ್ಚಿಕೊಂಡರು, ಎಲ್ಲೋ ಒಂದು ಮಗು ಅಳಲು ಶುರುಮಾಡಿತು. ಕೊಡೆಯ ಸುದ್ದಿ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಅತ್ತಿಗೆಯನ್ನು ಕರೆದರು. ಅಣ್ಣ ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದುಕೊಂಡ.

ಮೇಲ್ವಿಚಾರಕರು ಮಾತಿನ ನಡುವೆ ನಿಂತು ಪದ ಹುಡುಕುವ ಜಾತಿ. ಇನ್ನು ಇವಳ ಬಾಯಿ ಸುಮ್ಮನಿರುವುದಿಲ್ಲ ಎಂದುಕೊಂಡೆ. ಅಂದುಕೊಂಡದ್ದೇ ಆಯಿತು.

"ಹಾಂ, ಬನ್ನಿ. ನಿಮ್ಮ ಈ ಹಿಂದಿನ… ಅದೇ…"

"ಅನುಭವ," ಎಂದು ಅತ್ತಿಗೆ ತಲೆ ತಗ್ಗಿಸಿಯೇ ಪಿಸುಗುಟ್ಟಿದಳು.

"ಅನುಭವ ಹೇಳಿ. ಯಾಕಂದ್ರೆ ನಿಲ್ದಾಣ ಅಂದ್ರೆ ಸಾವಿರಾರು ಜನ ಬಂದು… ಬಂದು…"

"ಹೋಗುವ ಜಾಗ."

"ಹೋಗುವ ಜಾಗ. ಇಲ್ಲಿ ಒಂದು ಸಣ್ಣ ತಪ್ಪಾದ್ರೂ…"

"ಗೊಂದಲವಾಗುತ್ತದೆ."

"ಗೊಂದಲವಾಗುತ್ತೆ!" ಎಂದು ಮೇಲ್ವಿಚಾರಕರು ಮೇಜು ಕುಟ್ಟಿದರು. ತಾವು ಇಷ್ಟು ಸರಾಗವಾಗಿ ಮಾತಾಡಿದ್ದು ಅವರಿಗೇ ಖುಷಿಯಾದಂತಿತ್ತು. ಪಕ್ಕದ ಅಧಿಕಾರಿಣಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

"ಸಾರ್, ಇಷ್ಟೂ ಹೊತ್ತು ಮಾತಾಡಿದ್ದು ನೀವಲ್ಲ, ಇವರು," ಎಂದರು ಆಕೆ. ಅತ್ತಿಗೆಯ ಕಡೆ ತಿರುಗಿ, "ಅಮ್ಮಾ, ನಿಮ್ಮ ಗಂಟಲಿಗೆ ಏನಾಗಿದೆ?"

"ಜೋರಾಗಿ ಕೂಗೋದು ಕಲಿಯೋಕೆ ಹೋಗಿ ಕಟ್ಟಿಹೋಯ್ತು, ಮೇಡಂ."

"ಹಾಗಿದ್ರೂ ಬಂದ್ರಲ್ಲ. ಈ ಕೆಲಸ ನಿಮಗೆ ಯಾಕೆ ಅಷ್ಟೊಂದು ಬೇಕು?"

ಅದೇ ಪ್ರಶ್ನೆ. ಅತ್ತಿಗೆಯ ಕೈ ಎದೆಯವರೆಗೆ ಏರಿತು, ಅಲ್ಲೇ ನಿಂತಿತು. ಮಾತು ಬರಲಿಲ್ಲ. ಆ ದಾಸಿಯ ಪಾತ್ರದ ದಿನದಂತೆಯೇ ತುಟಿ ಬರೀ ಅಲ್ಲಾಡಿತು. ಅವಳು ಮರೆತಿದ್ದಳೋ, ಆ ಮಾತು ಬೇಡವೆನಿಸಿತ್ತೋ ನನಗೆ ಗೊತ್ತಾಗಲಿಲ್ಲ. ಅಣ್ಣನಿಗೆ ಮಾತ್ರ ಇದು ತನ್ನ ಸರದಿ ಎಂದು ಗೊತ್ತಾಯಿತು. ಜೀವಮಾನದ ಋಣ ಒಂದೇ ಏಟಿಗೆ ತೀರಿಸುವವನ ಹಾಗೆ ಬಾಗಿಲ ಸಂದಿಗೆ ಬಾಯಿಟ್ಟು ಪ್ರಾಂಪ್ಟ್ ಮಾಡಿದ. ಪಾಪ, ಪಿಸುಗುಟ್ಟುವುದು ಅವನಿಗೆ ಯಾವ ಜನ್ಮದಲ್ಲೂ ಬಂದ ವಿದ್ಯೆಯಲ್ಲ.

"ಜನಸೇವೆಯೇ ನನ್ನ ಅರಮನೆ!"

ಕಿಟಕಿಯ ಗಾಜು ಅದುರಿತು. ಮೇಲ್ವಿಚಾರಕರು ಕುರ್ಚಿಯಿಂದ ಅರ್ಧ ಎದ್ದರು. "ಯಾರ್ರೀ ಅದು?"

"ನಮ್ಮ ಯಜಮಾನರು, ಸಾರ್," ಎಂದಳು ಅತ್ತಿಗೆ. "ಮಾತು ಎತ್ತಿಕೊಡ್ತಿದ್ದಾರೆ. ಅಭ್ಯಾಸ ಇಲ್ಲ ಅವರಿಗೆ. ಅದೂ ತಪ್ಪು ಹೇಳಿದ್ರು."

ಒಳಗಿನ ಇಬ್ಬರೂ ನಕ್ಕರು. ಅಣ್ಣ ತಲೆಯ ಮೇಲೆ ಕೈಹೊತ್ತು ಬೆಂಚಿನಲ್ಲಿ ಕುಸಿದ. ಅತ್ತಿಗೆಯೂ ನಕ್ಕಳು. ನಗುವಿನಿಂದಲೇ ಏನೋ ಬಿಗಿ ಸಡಿಲವಾಗಿರಬೇಕು, ತಲೆ ಎತ್ತಿದಳು.

"ಸಾರ್, ನಾನು ನಾಟಕದಲ್ಲಿ ಪ್ರಾಂಪ್ಟರ್ ಆಗಿದ್ದೆ. ನಾನು ಎತ್ತಿಕೊಟ್ಟ ಮಾತಿಗೆ ಬೇರೆಯವರಿಗೆ ಚಪ್ಪಾಳೆ ಬಿತ್ತು. ಅದಕ್ಕೆ ಹೊಟ್ಟೆಕಿಚ್ಚಿಲ್ಲ. ಆದ್ರೆ ಜನರಿಗೆ ಅಂತ ನಾನೇ ಹೇಳಬೇಕಾಗಿದ್ದ ಒಂದು ಮಾತು ಹೇಳೋಕಾಗ್ದೆ ಉಳಿದುಹೋಯ್ತು. ನಾನು ಹೇಳಿದ್ದು ಕೇಳಿ ಜನ ಎದ್ದು ಹೋಗ್ಬೇಕು. ಅಷ್ಟೇ ನನ್ನ ಆಸೆ."

ಎದ್ದು ಹೋಗಬೇಕು ಎಂದಾಗ ಅಣ್ಣ ಬೆಚ್ಚಿಬಿದ್ದ. ಪ್ರೇಕ್ಷಕರು ಎದ್ದುಹೋಗುವುದು ನಟನಿಗೆ ಸಾವಿಗಿಂತ ಕಡೆ. "ಇದೆಂಥ ಅಪಶಕುನ ನುಡಿತಾಳೆ," ಎಂದು ಗೊಣಗಿದ. ಒಳಗೆ ಅಧಿಕಾರಿಣಿ ನಗು ನಿಲ್ಲಿಸಿ, ಮೈಕನ್ನು ಅತ್ತಿಗೆಯ ಕಡೆ ಸರಿಸಿದರು.

ಅತ್ತಿಗೆ ಮೈಕನ್ನು ಹಿಡಿಯಲಿಲ್ಲ. ಪರದೆಯ ಪಕ್ಕ ನಿಲ್ಲುತ್ತಿದ್ದಂತೆ ಸ್ವಲ್ಪ ವಾರೆಯಾಗಿ ನಿಂತು, ಅದೇ ಕೊಡೆಯ ವಿಷಯವನ್ನು ಪಿಸುಗುಟ್ಟಿದಳು. ನಿಲ್ದಾಣದ ಮೂಲೆಮೂಲೆಯಲ್ಲೂ ಆ ದನಿ ಮೃದುವಾಗಿ, ಒಂದಕ್ಷರವೂ ಜಾರದೆ ಹರಡಿತು. ಮಹಡಿಯ ಕಟಕಟೆಗೆ ಆತುಕೊಂಡು ನಾನು ಕೆಳಗೆ ನೋಡಿದೆ. ಜನ ತಮ್ಮೊಬ್ಬರ ಕಿವಿಗೇ ಯಾರೋ ಗುಟ್ಟು ಹೇಳಿದಂತೆ ಮಾತು ನಿಲ್ಲಿಸಿ ತಲೆ ಎತ್ತಿದ್ದರು. ಕೂಗಿದರೆ ಅರಚುವ ಆ ಲೌಡ್‌ಸ್ಪೀಕರಿಗೆ ಇಂಥದೊಂದು ದನಿ ಬೇಕಾಗಿತ್ತೆಂದು ಕಾಣುತ್ತದೆ.

ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಒಬ್ಬ ಮೆಟ್ಟಿಲು ಹತ್ತಿ ಬಂದ. "ಕೊಡೆ ನಂದು ಸಾರ್." ಅವನ ಹಿಂದೆಯೇ ಇನ್ನೊಬ್ಬ. "ಕಪ್ಪು ಕೊಡೆ ತಾನೇ? ನಂದೇ ಅದು." ಇಬ್ಬರೂ ಬಾಗಿಲಲ್ಲೇ ಜಗಳಕ್ಕೆ ನಿಂತರು. ಮೇಲ್ವಿಚಾರಕರು ಹಣೆ ಒರೆಸಿಕೊಂಡರು. ಪರೀಕ್ಷೆಗೆಂದು ಅವರೇ ಹುಟ್ಟಿಸಿದ ಕೊಡೆ ಅದು, ಅಲ್ಲಿ ಕೊಡೆಯೇ ಇರಲಿಲ್ಲ! ಇಲ್ಲದ ಕೊಡೆಗೆ ಇಬ್ಬರು ವಾರಸುದಾರರನ್ನು ಎಬ್ಬಿಸಿ ತಂದ ಮೇಲೆ ಬೇರೆ ಪರೀಕ್ಷೆ ಏನು ಬೇಕು?

"ನಾಳೆಯಿಂದ ಬನ್ನಿ," ಎಂದರು ಮೇಲ್ವಿಚಾರಕರು. "ಮತ್ತೆ ಒಂದು ಮಾತು. ದಯವಿಟ್ಟು ನಿಮ್ಮ… ನಿಮ್ಮ…"

"ಯಜಮಾನರನ್ನ ಕರಕೊಂಡು ಬರಬೇಡಿ," ಎಂದು ಅತ್ತಿಗೆ ಮುಗಿಸಿಕೊಟ್ಟಳು.

ಕರೆದುಕೊಂಡು ಹೋಗದಿದ್ದರೆ ಅವನು ಬಿಡುತ್ತಾನೆಯೇ? ಮರುದಿನ ಅವಳು ಮನೆ ಬಿಟ್ಟ ಮೇಲೆ ನಾವು ಮೂವರೂ ಹೊರಟೆವು. ಅಣ್ಣ ಮೀಸೆಗೆ ಎಣ್ಣೆ ಹಚ್ಚಿದ್ದ, ಅಮ್ಮ ಒಳ್ಳೆಯ ಸೀರೆ ಉಟ್ಟಿದ್ದಳು. ಹೋಗಲು ಊರಿಲ್ಲ, ಹತ್ತಲು ಬಸ್ಸಿಲ್ಲ, ಆದರೂ ಲೌಡ್‌ಸ್ಪೀಕರಿನ ಕೆಳಗಿನ ಬೆಂಚು ಹಿಡಿದು ಕೂತೆವು. ಸುತ್ತ ಗಂಟುಮೂಟೆಯ ಜನ, ಸೊಂಟದಲ್ಲಿ ಮಕ್ಕಳು, ಚಹಾದ ಲೋಟಗಳ ಸದ್ದು. ಅಣ್ಣ ಲೌಡ್‌ಸ್ಪೀಕರನ್ನೇ ನೋಡುತ್ತ ಮೀಸೆ ತೀಡುತ್ತಲೇ ಇದ್ದ. ರಾಜನ ವೇಷದಲ್ಲಿ ಅವನು ಹಾಗೆ ಚಡಪಡಿಸಿದ್ದನ್ನು ನಾನು ಕಂಡಿರಲಿಲ್ಲ.

ಲೌಡ್‌ಸ್ಪೀಕರ್ ಮೆಲ್ಲಗೆ ಕೆಮ್ಮಿತು. ಆಮೇಲೆ ಅವಳ ದನಿ ಬಂತು.

"ಪ್ರಯಾಣಿಕರೇ, ಬಂದರಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ."

ಪಕ್ಕದಲ್ಲಿ ಅಮ್ಮ ಕೈ ಎತ್ತಿದಳು. ಸೊಳ್ಳೆ ಇರಲಿಲ್ಲ. ಎತ್ತಿದ ಕೈಯನ್ನು ಇಳಿಸದೆ ನನ್ನತ್ತ ನೋಡಿ, ಮೊದಲ ಸಲ ಮೆಲ್ಲಗೆ, "ನಮ್ಮ ಸೊಸೆ," ಎಂದಳು. ಅಷ್ಟರಲ್ಲಿ ಸುತ್ತಲಿನ ಜನ ಎದ್ದರು. ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು, ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು ಹೊರಟರು. ಅವಳು ಹೇಳಿದಳು, ಅವರು ಎದ್ದು ಹೋದರು. ಬೆಂಚುಗಳು ಖಾಲಿಯಾದವು.

ನಮ್ಮ ಬೆಂಚೂ ಒಂದು ಕಡೆ ಹಗುರಾದಂತಾಗಿ ತಿರುಗಿ ನೋಡಿದರೆ ಅಣ್ಣ ಇಲ್ಲ. ಜನರ ನಡುವೆ ಅವನ ಅಗಲವಾದ ಬೆನ್ನು ಬಂದರಿನ ಬಸ್ಸಿನ ಕಡೆ ನಡೆಯುತ್ತಿತ್ತು. ಓಡಿಹೋಗಿ ಅಂಗಿ ಹಿಡಿದು ಜಗ್ಗುವ ಹೊತ್ತಿಗೆ ಅವನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು.

"ಎಲ್ಲಿಗೋ ಅಣ್ಣ? ಬಂದರಲ್ಲಿ ಯಾರಿದ್ದಾರೆ ನಮಗೆ?"

"ಸಿದ್ಧವಾಗಿದೆ ಅಂದ್ಲಲ್ಲೇ," ಎಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ಅವತ್ತು ಅವಳು ಹೇಳ್ಲಿಲ್ಲ, ನಾನು ಏಳ್ಲಿಲ್ಲ. ಈಗ ಹೇಳಿದ ಮೇಲೂ ಕೂತಿರೋಕಾಗುತ್ತಾ?"

ಕಂಡಕ್ಟರ್ ಹತ್ತುವುದಿದ್ದರೆ ಹತ್ತಿ, ಇಲ್ಲದಿದ್ದರೆ ಇಳಿಯಿರಿ ಎಂದು ಗದರಿದ. ಅಣ್ಣ ಮೆಟ್ಟಿಲಿಂದ ಇಳಿಯಲಿಲ್ಲ. ಮಹಡಿಯ ಕಿಟಕಿಯಲ್ಲಿ ಅತ್ತಿಗೆಯ ಮುಖ ಕಂಡಿತು. ಇಷ್ಟು ಜನರ ನಡುವೆ ಅವಳು ನೋಡುತ್ತಿದ್ದದ್ದು ಅವನನ್ನೇ. ಅಣ್ಣ ಎದೆ ಸೆಟೆಸಿ, ತಲೆ ಎತ್ತಿ ಒಂದು ಗಳಿಗೆ ತಡೆದ. ಅಯ್ಯೋ, ಮತ್ತೆ ಮರೆತ ಎಂದುಕೊಂಡೆ. ಅವಳ ತುಟಿ ಅಲ್ಲಾಡಲಿಲ್ಲ. ಅವಳು ಸುಮ್ಮನೆ ಕಾದಳು.

"ಹೋಗಿ ಬರುತ್ತೇನೆ, ರಾಣಿ!" ಎಂದು ಅಣ್ಣ ಗುಡುಗಿದ.

ಇಡೀ ನಿಲ್ದಾಣ ತಿರುಗಿ ನೋಡಿತು. ಆ ಮಾತನ್ನು ಅವನಿಗೆ ಯಾರೂ ಎತ್ತಿಕೊಟ್ಟಿರಲಿಲ್ಲ.